ಅಡುಗೆಮನೆಯಲ್ಲಿ ಕಲಿತ ಸೋಪು, ಅಂಗಡಿಗೆ ಹೋಗುವ ಸೋಪು: ನೌಕರಿ ಮಾಡುವ ಹೆಣ್ಣುಮಕ್ಕಳಿಗೆ ಸಮಗ್ರ ಮಾರ್ಗದರ್ಶಿ

ಧಾರವಾಡದ ಜುಬಿಲಿ ಸರ್ಕಲ್‌ನಲ್ಲಿ ಬೆಳಿಗ್ಗೆ ಎಂಟೂವರೆಗೆ ಹುಬ್ಬಳ್ಳಿಯ ಬಸ್ಸಿಗೆ ಕಾಯುವ ಹೆಣ್ಣುಮಕ್ಕಳ ಮಾತಿನಲ್ಲಿ ಎರಡು ವಿಷಯ ಮತ್ತೆ ಮತ್ತೆ ಬರುತ್ತವೆ. ಕೆನ್ನೆಯ ಮೇಲೆ ಬಂಗು ಬಂದಿದೆ, ಏನು ಹಚ್ಚಬೇಕು ಎಂಬುದು ಒಂದು. ಸಂಬಳ ತಿಂಗಳ ಕೊನೆಯವರೆಗೆ ಸಾಲುವುದಿಲ್ಲ, ಮನೆಯಲ್ಲೇ ಏನಾದರೂ ಮಾಡಿ ಮಾರಬಹುದೇ ಎಂಬುದು ಇನ್ನೊಂದು. ನಾನೂ ಹಲವು ವರ್ಷ ಅದೇ ಸಾಲಿನಲ್ಲಿ ನಿಂತವಳು. ನನ್ನ ಚರ್ಮದ ತೊಂದರೆಯೇ ನನ್ನನ್ನು ಸೋಪಿನ ಕೆಲಸಕ್ಕೆ ತಂದಿತು. ಆದ್ದರಿಂದ ಈ ಎರಡನ್ನೂ ಒಟ್ಟಿಗೆ ಬರೆಯುತ್ತಿದ್ದೇನೆ. ಮೊದಲು ನಿಮ್ಮ ಮುಖ, ಆಮೇಲೆ ಸೋಪು, ಕೊನೆಗೆ ವ್ಯಾಪಾರ. ತನ್ನ ಚರ್ಮಕ್ಕೆ ಏನು ಬೇಕು, ಏನು ಬೇಡ ಎಂದು ತಿಳಿಯದವರು ಇನ್ನೊಬ್ಬರ ಚರ್ಮಕ್ಕೆ ವಸ್ತು ಮಾರಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದಕ್ಕಾಗಿಯೇ ಈ ಕ್ರಮ.

ಮೊದಲನೆಯ ಹೆಜ್ಜೆ: ದಿನದ ಆರೈಕೆಯನ್ನು ಮೂರು ಕೆಲಸಕ್ಕೆ ಇಳಿಸಿಕೊಳ್ಳಿ

ಬೆಳಿಗ್ಗೆ ಡಬ್ಬಿ ಕಟ್ಟಿ, ಮಕ್ಕಳನ್ನು ಶಾಲೆಗೆ ಕಳಿಸಿ, ಬಸ್ಸು ಹಿಡಿಯುವವರಿಗೆ ಹತ್ತು ಹಂತದ ಆರೈಕೆ ಸಾಧ್ಯವಿಲ್ಲ, ಅದರ ಅಗತ್ಯವೂ ಇಲ್ಲ. ಸೌಮ್ಯವಾಗಿ ತೊಳೆಯುವುದು, ತೇವಾಂಶ ಉಳಿಸುವ ಮಾಯಿಶ್ಚರೈಸರ್ ಹಚ್ಚುವುದು, ಹಗಲಿನಲ್ಲಿ ಸನ್‌ಸ್ಕ್ರೀನ್ ಬಳಸುವುದು, ಇಷ್ಟು ಸಾಕು. ಸನ್‌ಸ್ಕ್ರೀನ್ ಕನಿಷ್ಠ ಎಸ್‌ಪಿಎಫ್ 30 ಇರಲಿ. ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೆ ಎರಡು ಗೆರೆ ಹಿಂಡಿದರೆ ಮುಖ ಮತ್ತು ಕುತ್ತಿಗೆಗೆ ಬೇಕಾದಷ್ಟು ಆಗುತ್ತದೆ. ಕಡಲೆಕಾಳಿನಷ್ಟು ಹಚ್ಚಿ ಪ್ರಯೋಜನವಾಗಲಿಲ್ಲ ಎಂದರೆ ಅದು ಸನ್‌ಸ್ಕ್ರೀನಿನ ತಪ್ಪಲ್ಲ. ಬಿಸಿಲಿನಲ್ಲಿ ಓಡಾಟವಿದ್ದರೆ ಎರಡು ತಾಸಿಗೊಮ್ಮೆ ಮತ್ತೆ ಹಚ್ಚಬೇಕು. ಸ್ಕೂಟಿಯಲ್ಲಿ ಹೋಗುವವರು ಮುಖಕ್ಕೆ ಸುತ್ತುವ ದುಪಟ್ಟಾ ಧೂಳನ್ನು ತಡೆಯುತ್ತದೆ, ಬಿಸಿಲನ್ನು ಸ್ವಲ್ಪ ಮಾತ್ರ ತಡೆಯುತ್ತದೆ. ಅದನ್ನು ದಿನಾಲೂ ಒಗೆಯದಿದ್ದರೆ ಬೆವರು, ಎಣ್ಣೆ ಸೇರಿ ಗದ್ದದ ಸುತ್ತ ಮೊಡವೆ ಏಳುತ್ತವೆ.

ಬಂಗಿನ ವಿಷಯದಲ್ಲಿ ತಾಳ್ಮೆ ಬೇಕು. ಬಿಸಿಲು, ಹಾರ್ಮೋನುಗಳು, ಗರ್ಭಧಾರಣೆ, ಕೆಲವು ಗರ್ಭನಿರೋಧಕ ಮಾತ್ರೆಗಳು, ಮನೆತನದ ಒಲವು, ಇವೆಲ್ಲ ಸೇರಿ ಅದು ಬರುತ್ತದೆ. ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಹೆಚ್ಚಿಸುವುದರಿಂದ ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಸನ್‌ಸ್ಕ್ರೀನು ಇಂಥವರಿಗೆ ಹೆಚ್ಚು ಉಪಯುಕ್ತ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋಗುವುದನ್ನು ದಯವಿಟ್ಟು ಬಿಡಿ. ನಿಂಬೆಯಲ್ಲಿರುವ ಕೆಲವು ಅಂಶಗಳು ಬಿಸಿಲಿನೊಂದಿಗೆ ಸೇರಿದಾಗ ಚರ್ಮ ಸುಟ್ಟಂತಾಗಿ, ತಿಂಗಳುಗಟ್ಟಲೆ ಹೋಗದ ಕಪ್ಪು ಕಲೆ ಉಳಿಯುತ್ತದೆ.

ಇಲ್ಲಿ ನನ್ನದೇ ಅನುಭವವನ್ನು ಹೇಳಲೇಬೇಕು. ಒಂದು ಮದುವೆಗೆ ಮುಂಚೆ ಪರಿಚಯದವರೊಬ್ಬರು ಕೊಟ್ಟ, ಮೇಲೆ ಸರಿಯಾದ ಚೀಟಿಯೂ ಇಲ್ಲದ ಕ್ರೀಮನ್ನು ಹಚ್ಚಿದೆ. ಎರಡು ವಾರದಲ್ಲಿ ಮುಖ ತಿಳಿಯಾಯಿತು, ಎಲ್ಲರೂ ಹೊಗಳಿದರು. ಮೂರನೆಯ ತಿಂಗಳಿನಲ್ಲಿ ಕ್ರೀಮು ನಿಲ್ಲಿಸಿದಾಗ ಕೆನ್ನೆ ಕೆಂಪಗೆ ಉರಿಯತೊಡಗಿತು, ಸಣ್ಣ ಗುಳ್ಳೆಗಳು ಎದ್ದವು, ಒಲೆಯ ಮುಂದೆ ನಿಲ್ಲಲು ಆಗುತ್ತಿರಲಿಲ್ಲ. ಚರ್ಮರೋಗ ತಜ್ಞರು ನೋಡಿದ ಕೂಡಲೇ ಅದರಲ್ಲಿ ಸ್ಟೀರಾಯ್ಡ್ ಇತ್ತೆಂದರು. ಸ್ಟೀರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು 2018ರಲ್ಲಿಯೇ ನಿಯಮ ಬಿಗಿಗೊಳಿಸಲಾಗಿದೆ. ಆದರೂ ಅವು ಕೈಯಿಂದ ಕೈಗೆ ದಾಟುತ್ತಲೇ ಇವೆ. ಕೆಲವು ಬಿಳುಪಿನ ಕ್ರೀಮುಗಳಲ್ಲಿ ಪಾದರಸವೂ ಇರುತ್ತದೆ, ಅದು ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. ತಯಾರಕರ ವಿಳಾಸ, ಲೈಸೆನ್ಸ್ ಸಂಖ್ಯೆ, ಒಳಗಿರುವ ಪದಾರ್ಥಗಳ ಪಟ್ಟಿ ಇಲ್ಲದ ಡಬ್ಬಿಯನ್ನು ಮುಖಕ್ಕೆ ತಾಗಿಸಬೇಡಿ. ತೊಂದರೆ ಹೆಚ್ಚಿದ್ದರೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿರುವ, ಕಿಮ್ಸ್ ಎಂದೇ ಹೆಸರಾದ ಸರ್ಕಾರಿ ಆಸ್ಪತ್ರೆಯ ಚರ್ಮರೋಗ ವಿಭಾಗದಂಥ ಕಡೆ ತೋರಿಸಿ.

ಎರಡನೆಯ ಹೆಜ್ಜೆ: ಏನು ಮಾಡಬೇಕೆಂದು ನಿರ್ಧರಿಸಿ

ನನ್ನ ಸಲಹೆ ಒಂದೇ: ಸೋಪಿನಿಂದ ಆರಂಭಿಸಿ, ಕ್ರೀಮಿನಿಂದ ಬೇಡ. ಕ್ರೀಮಿನಲ್ಲಿ ನೀರಿದೆ; ನೀರಿದ್ದಲ್ಲಿ ಬೂಸ್ಟು ಮತ್ತು ಬ್ಯಾಕ್ಟೀರಿಯಾ ಬೆಳೆಯುತ್ತವೆ. ಸರಿಯಾದ ಪ್ರಮಾಣದ ಸಂರಕ್ಷಕವನ್ನು ಹಾಕಿ, ಪ್ರಯೋಗಾಲಯದಲ್ಲಿ ಪರೀಕ್ಷಿಸದೆ ಅದನ್ನು ಸುರಕ್ಷಿತವೆಂದು ಹೇಳಲಾಗದು. ಅಲೋವೆರಾ ತಿರುಳನ್ನು ಮಿಕ್ಸಿಯಲ್ಲಿ ತಿರುವಿ ಶೀಷೆಗೆ ತುಂಬಿದ ಜೆಲ್ಲು ಫ್ರಿಜ್ಜಿನಲ್ಲಿಯೂ ಬೇಗ ಕೆಡುತ್ತದೆ. ಒಣಗಿದ ಸೋಪು ಕ್ಷಾರೀಯವಾದ್ದರಿಂದ ಅದರಲ್ಲಿ ಸಾಮಾನ್ಯವಾಗಿ ಸೂಕ್ಷ್ಮಜೀವಿಗಳು ಬೆಳೆಯುವುದಿಲ್ಲ, ಸಂರಕ್ಷಕದ ಅಗತ್ಯವೂ ಬೀಳುವುದಿಲ್ಲ.

ಇದರ ಮಿತಿಯನ್ನೂ ಈಗಲೇ ತಿಳಿದುಕೊಳ್ಳಿ. ನಮ್ಮ ಚರ್ಮದ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, ಸುಮಾರು 5ರ ಆಸುಪಾಸು. ಎಂಥ ಒಳ್ಳೆಯ ಎಣ್ಣೆಯಿಂದ ಮಾಡಿದರೂ ನಿಜವಾದ ಸೋಪಿನ ಪಿಎಚ್ 9ರಿಂದ 10 ಇರುತ್ತದೆ. ಕೈ, ಮೈ ತೊಳೆಯಲು ಅದು ಸರಿ. ಇಸುಬು ಇರುವವರು, ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಿ ಕೈ ಉರಿಸಿಕೊಂಡವರು, ಮುಖದ ಚರ್ಮ ತೀರಾ ಒಣಗಿದವರು ಅದನ್ನು ಬಳಸುವುದು ಸೂಕ್ತವಲ್ಲ. ಗಿರಾಕಿಗೆ ಇದನ್ನು ಹೇಳುವ ಧೈರ್ಯ ನಿಮಗಿರಬೇಕು.

ಮೂರನೆಯ ಹೆಜ್ಜೆ: ಸಾಮಾನು ಹೊಂದಿಸಿಕೊಳ್ಳಿ

ಒಂದು ಗ್ರಾಂ ವ್ಯತ್ಯಾಸವನ್ನೂ ತೋರಿಸುವ ಡಿಜಿಟಲ್ ತಕ್ಕಡಿ, ಸ್ಟೀಲ್ ಪಾತ್ರೆ ಎರಡು, ಬಿಸಿ ತಡೆಯುವ ದಪ್ಪ ಪ್ಲಾಸ್ಟಿಕ್ ಜಗ್ಗು, ಸ್ಟೀಲಿನ ಹ್ಯಾಂಡ್ ಬ್ಲೆಂಡರ್, ಥರ್ಮಾಮೀಟರ್, ಸಿಲಿಕಾನ್ ಅಚ್ಚು, ಕಣ್ಣಿಗೆ ಪೂರ್ತಿ ಮುಚ್ಚುವ ಕನ್ನಡಕ, ಉದ್ದನೆಯ ರಬ್ಬರ್ ಕೈಗವಸು. ಇವನ್ನೆಲ್ಲ ಸೋಪಿಗಾಗಿಯೇ ಇಡಬೇಕು, ಮತ್ತೆ ಅಡುಗೆಗೆ ತರಬಾರದು. ಅಲ್ಯುಮಿನಿಯಂ ಪಾತ್ರೆಯನ್ನು ಹತ್ತಿರಕ್ಕೂ ತರಬೇಡಿ. ಎಣ್ಣೆಯನ್ನು ಸೋಪಾಗಿಸುವ ಕಾಸ್ಟಿಕ್ ಸೋಡಾ ಅದನ್ನು ತಿಂದು, ಬೆಂಕಿ ಹೊತ್ತುವ ಹೈಡ್ರೋಜನ್ ಅನಿಲವನ್ನು ಬಿಡುತ್ತದೆ.

ನೀರು ಡಿಸ್ಟಿಲ್ಡ್ ಆಗಿರಬೇಕು. ಬೋರಿನ ಗಡಸು ನೀರಿನಲ್ಲಿರುವ ಸುಣ್ಣದ ಅಂಶ ಸೋಪನ್ನು ಕೆಡಿಸುತ್ತದೆ. ಬ್ಯಾಟರಿ ಅಂಗಡಿಗಳಲ್ಲಿ ಐದು ಲೀಟರಿನ ಕ್ಯಾನಿನಲ್ಲಿ ಸಿಗುವ ಡಿಸ್ಟಿಲ್ಡ್ ನೀರು ಕಲಿಕೆಗೆ ಸಾಕು, ಆದರೆ ಕ್ಯಾನು ಸೀಲು ಒಡೆಯದ್ದಾಗಿರಲಿ. ಕಾಸ್ಟಿಕ್ ಸೋಡಾ ಎಂದರೆ ಸೋಡಿಯಂ ಹೈಡ್ರಾಕ್ಸೈಡ್. ವಾಷಿಂಗ್ ಸೋಡಾ, ಅಡುಗೆ ಸೋಡಾ ಬೇರೆ ವಸ್ತುಗಳು. ಮೋರಿ ಸ್ವಚ್ಛಗೊಳಿಸುವ ಪುಡಿಯಲ್ಲಿ ಬೇರೆ ರಾಸಾಯನಿಕಗಳೂ ಇರುವುದರಿಂದ ಅದು ಕೆಲಸಕ್ಕೆ ಬಾರದು. ಪ್ರಯೋಗಾಲಯದ ಸಾಮಾನು ಮಾರುವವರಲ್ಲಿ ಶೇ. 97ಕ್ಕಿಂತ ಹೆಚ್ಚು ಶುದ್ಧತೆ ಬರೆದಿರುವ ಡಬ್ಬಿಯನ್ನೇ ಕೊಳ್ಳಿ.

ಎಣ್ಣೆಯ ಆಯ್ಕೆಯಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ನಮ್ಮ ಕಡೆ ಗಾಣದ ಕುಸುಬಿ ಎಣ್ಣೆ ಒಳ್ಳೆಯದು ಸಿಗುತ್ತದೆ, ಊರಿನ ಎಣ್ಣೆಯಿಂದಲೇ ಸೋಪು ಮಾಡಬೇಕೆಂಬ ಆಸೆಯಿಂದ ಅರ್ಧಕ್ಕರ್ಧ ಅದನ್ನೇ ಹಾಕಿದೆ. ಸೋಪು ಮೊದಲ ತಿಂಗಳು ಬೆಣ್ಣೆಯಂತೆ ಕಾಣುತ್ತಿತ್ತು. ಎರಡನೆಯ ತಿಂಗಳು ಒಂದು ಬೆಳಿಗ್ಗೆ ರ‍್ಯಾಕಿನ ಮೇಲಿನ ಬಟ್ಟೆ ಸರಿಸಿದಾಗ ಪ್ರತಿಯೊಂದು ಬಿಲ್ಲೆಯ ಅಂಚಿನಲ್ಲಿ ಸಾಸಿವೆ ಗಾತ್ರದ ಕೇಸರಿ ಚುಕ್ಕೆಗಳು ಎದ್ದಿದ್ದವು. ಮೂಗಿಗೆ ಹಿಡಿದರೆ ಹಳೆಯ ಹಪ್ಪಳ ಕರಿದ ಎಣ್ಣೆಯ ಕಮಟು. ಕುಸುಬಿಯಲ್ಲಿ ಲಿನೋಲಿಕ್ ಆಮ್ಲ ಬಹಳ ಹೆಚ್ಚು, ಅದು ಗಾಳಿಗೆ ಬೇಗ ಕಮಟುತ್ತದೆ. ಸೂರ್ಯಕಾಂತಿ ಎಣ್ಣೆಗೂ ಇದೇ ತೊಂದರೆ. ಅಂಥ ಎಣ್ಣೆಯನ್ನು ಒಟ್ಟಿನ ಶೇ. 10ಕ್ಕಿಂತ ಹೆಚ್ಚು ಹಾಕದಿರುವುದು ಉತ್ತಮ.

ನಾಲ್ಕನೆಯ ಹೆಜ್ಜೆ: ಲೆಕ್ಕ

ಸೋಪು ಮಾಡುವುದರಲ್ಲಿ ಕೈಗುಣಕ್ಕಿಂತ ಲೆಕ್ಕವೇ ದೊಡ್ಡದು. ಪ್ರತಿಯೊಂದು ಎಣ್ಣೆಯ ಒಂದು ಗ್ರಾಮನ್ನು ಪೂರ್ತಿ ಸೋಪಾಗಿಸಲು ಎಷ್ಟು ಕಾಸ್ಟಿಕ್ ಬೇಕೆಂಬುದಕ್ಕೆ ಒಂದು ಗುಣಾಂಕವಿದೆ. ಕೊಬ್ಬರಿ ಎಣ್ಣೆಗೆ ಸುಮಾರು 0.183, ಆಲಿವ್ ಎಣ್ಣೆಗೆ 0.135, ಔಡಲ ಎಣ್ಣೆಗೆ 0.128, ಶೇಂಗಾ ಎಣ್ಣೆಗೆ 0.136. ನಾನು ಈಗಲೂ ಮಾಡುವ ಸರಳ ಪ್ರಮಾಣ ಹೀಗಿದೆ: ಕೊಬ್ಬರಿ ಎಣ್ಣೆ 350 ಗ್ರಾಂ, ಆಲಿವ್ ಎಣ್ಣೆ 550 ಗ್ರಾಂ, ಔಡಲ ಎಣ್ಣೆ 100 ಗ್ರಾಂ. ಕೊಬ್ಬರಿಯಿಂದ ಗಟ್ಟಿತನ ಮತ್ತು ನೊರೆ, ಆಲಿವ್‌ನಿಂದ ಮೃದುತ್ವ, ಔಡಲದಿಂದ ನೊರೆಗೆ ನಿಲ್ಲುವ ಗುಣ ಬರುತ್ತದೆ.

ಗುಣಿಸಿ ಕೂಡಿಸಿದರೆ 64.05, 74.25 ಮತ್ತು 12.8 ಸೇರಿ ಸುಮಾರು 151 ಗ್ರಾಂ ಕಾಸ್ಟಿಕ್ ಆಗುತ್ತದೆ. ಅಷ್ಟನ್ನೂ ಹಾಕಬಾರದು. ಶೇ. 5ರಷ್ಟು ಎಣ್ಣೆ ಸೋಪಾಗದೆ ಉಳಿದರೆ ಚರ್ಮಕ್ಕೆ ಹಿತ, ತೂಕದಲ್ಲಿ ಅರ್ಧ ಗ್ರಾಂ ಹೆಚ್ಚುಕಡಿಮೆಯಾದರೂ ಕಾಸ್ಟಿಕ್ ಉಳಿಯುವ ಭಯವಿಲ್ಲ. ಹಾಗಾಗಿ 143 ಗ್ರಾಂ ಕಾಸ್ಟಿಕ್, 300 ಗ್ರಾಂ ಡಿಸ್ಟಿಲ್ಡ್ ನೀರು. ನೀರನ್ನೂ ಮಿಲಿಲೀಟರಿನಲ್ಲಿ ಅಳೆಯದೆ ತಕ್ಕಡಿಯಲ್ಲೇ ತೂಗಿ. ಒಂದು ಎಣ್ಣೆಯನ್ನು ಬದಲಿಸಿದರೂ ಲೆಕ್ಕವನ್ನು ಮೊದಲಿನಿಂದ ಮಾಡಲೇಬೇಕು. ಆಲಿವ್ ತುಟ್ಟಿಯಾಯಿತೆಂದು ಅಷ್ಟೇ ತೂಕದ ಕೊಬ್ಬರಿ ಎಣ್ಣೆ ಸುರಿದರೆ ಕಾಸ್ಟಿಕ್ ಕಡಿಮೆ ಬಿದ್ದು ಸೋಪು ಜಿಡ್ಡಾಗುತ್ತದೆ, ತಿರುವುಮುರುವಾದರೆ ಕೈ ಸುಡುತ್ತದೆ.

ಐದನೆಯ ಹೆಜ್ಜೆ: ಮಾಡುವ ವಿಧಾನ

ಮಕ್ಕಳು ಮನೆಯಲ್ಲಿಲ್ಲದ, ಅಥವಾ ಮಲಗಿದ ಸಮಯವನ್ನು ಆರಿಸಿಕೊಳ್ಳಿ. ಎರಡನೆಯ ಅಥವಾ ನಾಲ್ಕನೆಯ ಶನಿವಾರ ರಜೆಯಿರುವವರಿಗೆ ಅದೇ ಸರಿಯಾದ ದಿನ. ಕಿಟಕಿಗಳನ್ನು ತೆರೆದು, ಕನ್ನಡಕ, ಕೈಗವಸು, ತುಂಬುತೋಳಿನ ಬಟ್ಟೆ ಹಾಕಿಕೊಂಡ ಮೇಲೆಯೇ ಕಾಸ್ಟಿಕ್ ಡಬ್ಬಿಯ ಮುಚ್ಚಳ ತೆಗೆಯಬೇಕು. ಸೀರೆಯ ಸೆರಗು, ಬಳೆ, ಬಿಟ್ಟ ಕೂದಲು ಯಾವುದೂ ಅಡ್ಡ ಬರಬಾರದು.

ತೂಗಿದ ನೀರಿಗೆ ಕಾಸ್ಟಿಕ್ಕನ್ನು ಸ್ವಲ್ಪಸ್ವಲ್ಪವಾಗಿ ಹಾಕುತ್ತ ಕಲಕಬೇಕು. ಯಾವ ಕಾರಣಕ್ಕೂ ಕಾಸ್ಟಿಕ್ಕಿನ ಮೇಲೆ ನೀರು ಸುರಿಯಬಾರದು, ಅದು ಕುದಿದು ಮುಖಕ್ಕೆ ಸಿಡಿಯುತ್ತದೆ. ದ್ರಾವಣ ತಾನಾಗಿಯೇ 80 ಡಿಗ್ರಿ ದಾಟುವಷ್ಟು ಬಿಸಿಯೇರುತ್ತದೆ, ಮೊದಲ ನಿಮಿಷದಲ್ಲಿ ಕೆಮ್ಮು ಬರಿಸುವ ಹಬೆ ಏಳುತ್ತದೆ. ಮುಖವನ್ನು ಪಕ್ಕಕ್ಕೆ ತಿರುಗಿಸಿ ನಿಲ್ಲಿ. ಮೈಗೆ ಹನಿ ಬಿದ್ದರೆ ಹರಿಯುವ ನೀರಿನಲ್ಲಿ ಕನಿಷ್ಠ ಹದಿನೈದು ನಿಮಿಷ ತೊಳೆಯಬೇಕು. ವಿನೆಗರ್ ಅಥವಾ ನಿಂಬೆರಸ ಹಚ್ಚುವುದು ತಪ್ಪು, ಅದರಿಂದ ಬಿಸಿ ಹುಟ್ಟಿ ಗಾಯ ಇನ್ನಷ್ಟಾಗುತ್ತದೆ. ಕಣ್ಣಿಗೆ ಬಿದ್ದರೆ ತೊಳೆಯುತ್ತಲೇ ಆಸ್ಪತ್ರೆಗೆ ಹೊರಡಬೇಕು. ನಮ್ಮ ಊರಿನಲ್ಲಿ ನಳದ ನೀರು ದಿನಾಲೂ ಬರುವುದಿಲ್ಲವಾದ್ದರಿಂದ, ಎರಡು ಬಕೆಟ್ ತುಂಬಿದ ನೀರನ್ನು ಪಕ್ಕದಲ್ಲಿಟ್ಟುಕೊಳ್ಳದೆ ನಾನು ಕೆಲಸ ಆರಂಭಿಸುವುದೇ ಇಲ್ಲ.

ದ್ರಾವಣವೂ ಎಣ್ಣೆಯ ಮಿಶ್ರಣವೂ ಸುಮಾರು 40 ಡಿಗ್ರಿಗೆ ಬಂದಾಗ ಎಣ್ಣೆಗೆ ದ್ರಾವಣವನ್ನು ಸಣ್ಣಗೆ ಸುರಿಯಿರಿ. ಬ್ಲೆಂಡರನ್ನು ಕೆಲವು ಸೆಕೆಂಡು ಓಡಿಸಿ, ನಿಲ್ಲಿಸಿ, ಕೈಯಿಂದ ಕಲಕಿ, ಮತ್ತೆ ಓಡಿಸಿ. ಮೊದಲು ಎಣ್ಣೆ ಮಬ್ಬಾಗುತ್ತದೆ, ಆಮೇಲೆ ಕೆನೆಯಂತಾಗುತ್ತದೆ. ಚಮಚದಿಂದ ಎತ್ತಿ ಬಿಟ್ಟ ಗೆರೆ ಮೇಲ್ಮೈಯಲ್ಲಿ ಕ್ಷಣಕಾಲ ನಿಂತು ಕರಗಿದರೆ, ಅಂದರೆ ಮಿರ್ಚಿ ಭಜಿಗೆ ಕಲಸಿದ ಹಿಟ್ಟಿಗಿಂತ ಒಂದಿಷ್ಟು ತೆಳುವಾದ ಹದ ಬಂದರೆ, ನಿಲ್ಲಿಸಬೇಕು. ಪರಿಮಳ ಬೇಕಿದ್ದರೆ ಈಗ ಹಾಕಿ: ಒಂದು ಕಿಲೋ ಎಣ್ಣೆಗೆ 20ರಿಂದ 25 ಗ್ರಾಂ ಲ್ಯಾವೆಂಡರ್‌ನಂಥ ಸೌಮ್ಯ ತೈಲ ಸಾಕು. ದಾಲ್ಚಿನ್ನಿ, ಲವಂಗದ ತೈಲಗಳು ಚರ್ಮವನ್ನು ಉರಿಸುತ್ತವೆ, ಹೊಸಬರು ಅವನ್ನು ಬಿಡುವುದೇ ಲೇಸು. ಅರಿಶಿನ ಹಾಕಿದರೆ ಕಾಸ್ಟಿಕ್ಕಿಗೆ ಅದು ತಕ್ಷಣ ಕೆಂಪಾಗುತ್ತದೆ, ಒಣಗುತ್ತ ಮಂಕಾಗುತ್ತದೆ, ಹೆದರಬೇಡಿ.

ಅಚ್ಚಿಗೆ ಹೊಯ್ದು, ಮೇಲೆ ಹಲಗೆ ಮುಚ್ಚಿ ಒಂದೆರಡು ದಿನ ಬಿಡಿ. ಕೈಗವಸು ಹಾಕಿಕೊಂಡೇ ತೆಗೆದು ಕತ್ತರಿಸಿ. ಬಳಿಕ ಗಾಳಿಯಾಡುವ ಜಾಲರಿಯ ಮೇಲೆ, ಬಿಸಿಲು ಬೀಳದ ಕಡೆ, ಒಂದಕ್ಕೊಂದು ತಾಗದಂತೆ ನಾಲ್ಕರಿಂದ ಆರು ವಾರ ಒಣಗಿಸಬೇಕು. ಗದಗದ ಒಣ ಬೇಸಿಗೆಯಲ್ಲಿ ನಾಲ್ಕು ವಾರಕ್ಕೆ ಆಗುವ ಕೆಲಸಕ್ಕೆ ಧಾರವಾಡದ ಮಳೆಗಾಲದಲ್ಲಿ ಆರು ವಾರವೂ ಸಾಲದು. ಸೋಪಿನೊಳಗಿನ ಗ್ಲಿಸರಿನ್ ಗಾಳಿಯ ತೇವವನ್ನು ಎಳೆದುಕೊಂಡು ಬಿಲ್ಲೆಗಳು ಬೆವರಿದಂತೆ ಕಾಣುತ್ತವೆ. ವಾರಕ್ಕೊಮ್ಮೆ ಒಂದೇ ಬಿಲ್ಲೆಯನ್ನು ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತಾಗ ಸೋಪು ಸಿದ್ಧ. ನೊರೆಗೆ ಪಿಎಚ್ ಪಟ್ಟಿ ತಾಗಿಸಿದರೆ 10ರ ಒಳಗೆ ತೋರಿಸಬೇಕು; 11 ದಾಟಿದ ಬಿಲ್ಲೆ ಯಾರ ಮೈಗೂ ಹೋಗಬಾರದು. ಈ ಪ್ರಮಾಣಕ್ಕೆ ನೂರು ಗ್ರಾಮಿನ ಸುಮಾರು ಹನ್ನೆರಡು ಬಿಲ್ಲೆಗಳು ಬರುತ್ತವೆ.

ಮೊದಲ ಬಿಲ್ಲೆ ನಿಮಗೇ. ಮೊಣಕೈಯ ಒಳಭಾಗದಲ್ಲಿ ನೊರೆ ಹಚ್ಚಿ ತೊಳೆದು, ಎರಡು ದಿನ ಕೆಂಪಾಗುವುದೇ, ತುರಿಸುವುದೇ ನೋಡಿ. ನಂತರ ಮನೆಯವರು, ಒಪ್ಪಿದ ಗೆಳತಿಯರು. ಆರು ತಿಂಗಳು, ಆರೇಳು ಬ್ಯಾಚು ಹೀಗೆ ಮಾಡಿ ಪ್ರತಿಯೊಂದರ ದಿನಾಂಕ, ತೂಕ, ದೂರುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮುಂದೆ ಲೈಸೆನ್ಸ್ ಹಾದಿ ಹಿಡಿದಾಗ ಆ ನೋಟ್‌ಬುಕ್ಕೇ ನಿಮ್ಮ ಬಂಡವಾಳವಾಗುತ್ತದೆ.

ಆರನೆಯ ಹೆಜ್ಜೆ: ಮಾರುವ ಮೊದಲು ಕಾನೂನು

ಹೆಚ್ಚಿನವರು ಎಡವುವುದು ಇಲ್ಲಿಯೇ, ಆದ್ದರಿಂದ ವಿವರವಾಗಿ ಹೇಳುತ್ತೇನೆ. ಸ್ನಾನದ ಸೋಪು ಸೌಂದರ್ಯವರ್ಧಕದ ವ್ಯಾಖ್ಯೆಯೊಳಗೆ ಬರುತ್ತದೆ. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ ಹಾಗೂ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಅದನ್ನು ಮಾರಾಟಕ್ಕಾಗಿ ತಯಾರಿಸಲು ರಾಜ್ಯದ ಔಷಧ ನಿಯಂತ್ರಣ ಇಲಾಖೆಯ ಲೈಸೆನ್ಸ್ ಬೇಕು. ಸ್ವಂತ ಘಟಕಕ್ಕೆ ಸಿಒಎಸ್-5 ನಮೂನೆಯಲ್ಲಿ ಅರ್ಜಿ ಹಾಕಿದರೆ ಸಿಒಎಸ್-8 ನಮೂನೆಯಲ್ಲಿ ಲೈಸೆನ್ಸ್ ಸಿಗುತ್ತದೆ. ತಯಾರಿಕೆಯ ಜಾಗ ವಾಸದ ಮನೆಯಾಗಿರಬಾರದು, ವಾಸದ ಭಾಗಕ್ಕೆ ಒಳಗಿನಿಂದ ಸಂಪರ್ಕವೂ ಇರಬಾರದು. ಗೋಡೆಗಳು ತೊಳೆಯಲು ಬರುವಷ್ಟು ನಯವಾಗಿರಬೇಕು. ಫಾರ್ಮಸಿ ಡಿಪ್ಲೊಮಾದಂಥ ಅರ್ಹತೆಯುಳ್ಳ ತಾಂತ್ರಿಕ ಸಿಬ್ಬಂದಿಯ ಮೇಲ್ವಿಚಾರಣೆ ಇರಬೇಕು. ಅಂದರೆ, ಅಡುಗೆಮನೆಯಲ್ಲಿ ಮಾಡಿದ ಸೋಪನ್ನು ಮನೆಮಂದಿಗೆ ಬಳಸಬಹುದು. ವಾಟ್ಸಾಪ್ ಗುಂಪಿನಲ್ಲಿ ದರ ಹಾಕಿ ಮಾರಲು ಬರುವುದಿಲ್ಲ. ಎಷ್ಟೋ ಜನ ಮಾರುತ್ತಾರೆ ಎಂಬುದು ನಿಜ. ಒಬ್ಬ ಗಿರಾಕಿಯ ಮೈಮೇಲೆ ಬೊಬ್ಬೆ ಎದ್ದ ದಿನ ನಿಮ್ಮ ಕೈಯಲ್ಲಿ ಯಾವ ಕಾಗದವೂ ಇರುವುದಿಲ್ಲ ಎಂಬುದೂ ಅಷ್ಟೇ ನಿಜ.

ಹಾಗಾದರೆ ನೌಕರಿ ಬಿಡದೆ ಇದನ್ನು ಮಾಡುವುದು ಹೇಗೆ? ಮೂರು ದಾರಿಗಳಿವೆ. ಮೊದಲನೆಯದು, ಈಗಾಗಲೇ ಲೈಸೆನ್ಸ್ ಇರುವ ಘಟಕದಿಂದ ನಿಮ್ಮ ಹೆಸರಿನ ಸೋಪು ಮಾಡಿಸಿ, ತಯಾರಕರ ಹೆಸರನ್ನೂ ಮಾರಾಟಗಾರರಾಗಿ ನಿಮ್ಮ ಹೆಸರನ್ನೂ ಪೊಟ್ಟಣದ ಮೇಲೆ ಮುದ್ರಿಸಿ ಮಾರುವುದು. ಸೌಂದರ್ಯವರ್ಧಕಗಳ ಚಿಲ್ಲರೆ ಮಾರಾಟಕ್ಕೆ ಔಷಧಗಳಿಗಿರುವಂಥ ಪ್ರತ್ಯೇಕ ಲೈಸೆನ್ಸ್ ಬೇಕಿಲ್ಲ. ಎರಡನೆಯದು ಲೋನ್ ಲೈಸೆನ್ಸ್: ಸ್ವಂತ ಘಟಕವಿಲ್ಲದವರು ಲೈಸೆನ್ಸ್ ಇರುವ ಇನ್ನೊಬ್ಬರ ಘಟಕದ ಸೌಲಭ್ಯ ಬಳಸಿ ತಯಾರಿಸಲು ಸಿಒಎಸ್-6ರಲ್ಲಿ ಅರ್ಜಿ ಹಾಕಿ ಸಿಒಎಸ್-9 ಪಡೆಯುವುದು. ಹೆಸರಿನಲ್ಲಿ ‘ಲೋನ್’ ಇದ್ದರೂ ಇದಕ್ಕೂ ಬ್ಯಾಂಕಿನ ಸಾಲಕ್ಕೂ ಸಂಬಂಧವಿಲ್ಲ. ಮೂರನೆಯದು, ನಾಲ್ಕಾರು ಜನ ಸೇರಿ ಬೇರೆ ಶೆಡ್ಡು ಬಾಡಿಗೆಗೆ ಹಿಡಿದು ಸ್ವಂತ ಲೈಸೆನ್ಸ್ ಪಡೆಯುವುದು. ನೌಕರಿಯಲ್ಲಿರುವವರಿಗೆ ಮೊದಲ ಎರಡು ವರ್ಷ ಒಂದನೆಯ ದಾರಿಯೇ ಸರಿ ಎಂದು ನನ್ನ ಅನುಭವ ಹೇಳುತ್ತದೆ. ಆರು ತಿಂಗಳ ನೋಟ್‌ಬುಕ್ ನಿಮ್ಮ ಬಳಿ ಇದ್ದರೆ ಘಟಕದವರೊಂದಿಗೆ ಎಣ್ಣೆಯ ಪ್ರಮಾಣದ ಮಟ್ಟದಲ್ಲಿ ಮಾತನಾಡಬಹುದು. ಅವರು ತೋರಿಸಿದ್ದನ್ನು ಸುಮ್ಮನೆ ಒಪ್ಪಿಕೊಂಡು ಬರಬೇಕಾಗುವುದಿಲ್ಲ.

ಸರ್ಕಾರಿ ನೌಕರರು ಇನ್ನೊಂದು ವಿಷಯ ಗಮನಿಸಬೇಕು. ಕರ್ನಾಟಕ ನಾಗರಿಕ ಸೇವಾ ನಡತೆ ನಿಯಮಗಳ ಪ್ರಕಾರ ಪೂರ್ವಾನುಮತಿ ಇಲ್ಲದೆ ವ್ಯಾಪಾರ ನಡೆಸುವಂತಿಲ್ಲ, ಕುಟುಂಬದವರು ನಡೆಸಿದರೂ ಇಲಾಖೆಗೆ ತಿಳಿಸಬೇಕಾಗುತ್ತದೆ. ಖಾಸಗಿ ನೌಕರರು ತಮ್ಮ ನೇಮಕಾತಿ ಪತ್ರವನ್ನು ಒಮ್ಮೆ ಓದಿಕೊಳ್ಳಿ.

ಪೊಟ್ಟಣದ ಮೇಲೆ ಉತ್ಪನ್ನದ ಹೆಸರು, ತಯಾರಕರ ಪೂರ್ತಿ ವಿಳಾಸ, ಲೈಸೆನ್ಸ್ ಸಂಖ್ಯೆ, ಪದಾರ್ಥಗಳ ಪಟ್ಟಿ, ನಿವ್ವಳ ತೂಕ, ತಯಾರಿಸಿದ ತಿಂಗಳು ಮತ್ತು ವರ್ಷ, ಯಾವಾಗಿನವರೆಗೆ ಬಳಸಬಹುದು, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ದೂರಿಗೆ ಸಂಪರ್ಕ, ಇವೆಲ್ಲ ಇರಬೇಕು. ಪದಾರ್ಥಗಳನ್ನು ಹೆಚ್ಚು ಇರುವುದರಿಂದ ಕಡಿಮೆ ಇರುವುದಕ್ಕೆ ಇಳಿಕೆ ಕ್ರಮದಲ್ಲಿ ಬರೆಯಬೇಕು. ಮುದ್ರಣಕ್ಕೆ ಹೆಸರಾದ ಗದಗ ನಮಗೆ ಹತ್ತಿರವೇ ಇದೆ. ಆದರೆ ಮೊದಲ ಸಲವೇ ಐದು ಸಾವಿರ ಹೊದಿಕೆ ಹಾಕಿಸಬೇಡಿ, ಬೆಲೆಯೋ ವಿಳಾಸವೋ ಬದಲಾದರೆ ಎಲ್ಲವೂ ರದ್ದಿಗೆ ಹೋಗುತ್ತದೆ.

ಹೊದಿಕೆಯ ಮೇಲಿನ ಮಾತುಗಳ ಬಗ್ಗೆ ಎಚ್ಚರವಿರಲಿ. ‘ಮೊಡವೆ ವಾಸಿ ಮಾಡುತ್ತದೆ’, ‘ಬಂಗು ಹೋಗುತ್ತದೆ’ ಎಂದು ಬರೆದ ಕ್ಷಣ ನಿಮ್ಮ ಸೋಪು ಔಷಧದ ಹಕ್ಕನ್ನು ಹೇಳಿದಂತಾಗುತ್ತದೆ. ‘ಆಯುರ್ವೇದ’ ಎಂದು ಬರೆಯಲು ಆಯುಷ್ ವಿಭಾಗದ ಬೇರೆ ಲೈಸೆನ್ಸ್ ಬೇಕು. ಸುಗಂಧ ಮಾತ್ರ ಹಾಕಿ ‘ಶ್ರೀಗಂಧದ ಸೋಪು’ ಎನ್ನುವುದೂ ಸರಿಯಲ್ಲ. ಬೆಂಗಳೂರಿನಲ್ಲಿ ಸರ್ಕಾರಿ ಸೋಪ್ ಕಾರ್ಖಾನೆ ಹುಟ್ಟಿದ ಕಾಲದಿಂದ ನಮ್ಮ ರಾಜ್ಯದಲ್ಲಿ ಆ ಮಾತಿಗೆ ಒಂದು ಬೆಲೆ ಇದೆ. ಒಮ್ಮೆ ನನ್ನ ಮಳಿಗೆಯ ಮುಂದೆ ನಿಂತ ಹುಡುಗಿಯೊಬ್ಬಳು, “ಅಕ್ಕಾರ, ಇದನ್ನ ಹಚ್ಚಿದ್ರ ಮುಖ ಬೆಳ್ಳಗ ಆಗ್ತದೇನ್ರಿ?” ಎಂದು ಕೇಳಿದಳು. “ಇಲ್ಲವಾ, ಸ್ವಚ್ಛ ಆಗ್ತದ, ಅಷ್ಟ” ಎಂದೆ. ಅವಳು ಒಂದು ನಿಮಿಷ ಯೋಚಿಸಿ ತಾಯಿಗೆಂದು ಎರಡು ಬಿಲ್ಲೆ ಕೊಂಡಳು.

ಏಳನೆಯ ಹೆಜ್ಜೆ: ನೋಂದಣಿ, ಹಣ, ಬೆಲೆ

ಉದ್ಯಮ್ ನೋಂದಣಿ ಆಧಾರ್ ಆಧಾರದ ಮೇಲೆ ಆನ್‌ಲೈನಿನಲ್ಲಿ ಉಚಿತವಾಗಿ ಆಗುತ್ತದೆ. ಅದಕ್ಕೆ ಹಣ ಕೇಳುವವರಿಂದ ದೂರವಿರಿ. ಸರಕು ಮಾತ್ರ ಮಾರುವವರಿಗೆ ರಾಜ್ಯದೊಳಗಿನ ವಾರ್ಷಿಕ ವಹಿವಾಟು 40 ಲಕ್ಷ ರೂ. ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ, ಆದರೆ ಬೇರೆ ರಾಜ್ಯಕ್ಕೆ ಮಾರುವಾಗ ನಿಯಮ ಬೇರೆ. ಸ್ನಾನದ ಸೋಪಿನ ಬಿಲ್ಲೆಯ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 18ರಿಂದ ಶೇ. 5ಕ್ಕೆ ಇಳಿದಿದೆ.

ಸಾಲ ಬೇಕಿದ್ದರೆ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂ.ವರೆಗೆ ದೊರೆಯುತ್ತದೆ. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯಲ್ಲಿ ಸಹಾಯಧನವಿದೆ, ಆದರೆ ಕುಟುಂಬದ ಆದಾಯದ ಮಿತಿಯೂ ಇರುವುದರಿಂದ ಸಂಬಳದಾರರಲ್ಲಿ ಅನೇಕರು ಅದರಿಂದ ಹೊರಗುಳಿಯುತ್ತಾರೆ. ಯೋಜನಾ ವರದಿ ಬರೆಯುವುದು, ಯೋಜನೆಗಳ ಅರ್ಜಿ ತುಂಬುವುದು, ಇವುಗಳಿಗೆ ಧಾರವಾಡದ ರಾಯಾಪುರದಲ್ಲಿರುವ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ. ಧಾರವಾಡದಲ್ಲಿರುವ ಸಿಡಾಕ್ ಮತ್ತು ರುಡ್‌ಸೆಟ್ ಸಂಸ್ಥೆಗಳು ಸ್ವಉದ್ಯೋಗದ ತರಬೇತಿಗಳನ್ನು ನಡೆಸುತ್ತವೆ. ನಾನಾದರೋ ಮೊದಲ ವರ್ಷ ಸಾಲ ಬೇಡವೆನ್ನುತ್ತೇನೆ, ಏಕೆಂದರೆ ಆರು ವಾರ ಒಣಗಬೇಕಾದ ವಸ್ತುವಿನಲ್ಲಿ ಹಾಕಿದ ಹಣ ಮರಳುವ ಮೊದಲೇ ಎರಡು ಕಂತು ಬಂದುಬಿಡುತ್ತವೆ.

ಬೆಲೆ ಕಟ್ಟುವಾಗ ನಿಮ್ಮ ದುಡಿಮೆಯನ್ನು ಬಿಡಬೇಡಿ. ಲೆಕ್ಕ ತೋರಿಸಲೆಂದು ಹಿಡಿದ ಅಂಕಿಗಳಿವು: ಹನ್ನೆರಡು ಬಿಲ್ಲೆಗೆ ಎಣ್ಣೆ, ಕಾಸ್ಟಿಕ್, ಪರಿಮಳ ಸೇರಿ 700 ರೂ. ಎಂದರೆ ಬಿಲ್ಲೆಗೆ ಸುಮಾರು 58 ರೂ. ಹೊದಿಕೆ 9. ಮೂರು ತಾಸಿನ ದುಡಿಮೆಗೆ ತಾಸಿಗೆ 80ರಂತೆ 240 ರೂ. ಹಿಡಿದರೆ ಬಿಲ್ಲೆಗೆ 20. ಸಾಗಾಟ, ಪರೀಕ್ಷೆ, ಕೆಟ್ಟುಹೋದದ್ದಕ್ಕೆ 8. ಒಟ್ಟು 95. ನೀವು 150 ರೂ. ಬೆಲೆ ಹಾಕಿ ಅಂಗಡಿಗೆ ಕೊಟ್ಟರೆ, ಅಂಗಡಿಯವರು ಶೇ. 30 ಹಿಡಿದುಕೊಂಡು 105 ಕೊಡುತ್ತಾರೆ. ಉಳಿಯುವುದು 10 ರೂಪಾಯಿ. ನೇರವಾಗಿ ಮಾರಿದರೆ 55. ಬೇರೆ ಘಟಕದಲ್ಲಿ ಮಾಡಿಸಿದಾಗ ದುಡಿಮೆಯ ಜಾಗದಲ್ಲಿ ಅವರ ತಯಾರಿಕಾ ಶುಲ್ಕ ಬಂದು ಕೂರುತ್ತದೆ, ಸಾಮಾನ್ಯವಾಗಿ ಅದು ಹೆಚ್ಚೇ ಇರುತ್ತದೆ. ಆದ್ದರಿಂದ ಹುಬ್ಬಳ್ಳಿಯ ದುರ್ಗದಬೈಲಿನ ಮಾರುಕಟ್ಟೆಯಲ್ಲಿ ಅಗ್ಗದ ಸೋಪಿನೊಂದಿಗೆ ಪೈಪೋಟಿಗೆ ಇಳಿಯುವುದು ನಮ್ಮಂಥವರಿಗೆ ಆಗದ ಮಾತು. ಕಚೇರಿಯ ಸಹೋದ್ಯೋಗಿಗಳು, ಸೀಮಂತ, ಗೃಹಪ್ರವೇಶಗಳ ಉಡುಗೊರೆ, ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳದ ಮಳಿಗೆ, ಇಂಥ ನೇರ ಮಾರಾಟವೇ ಕೈಗೆ ಹಣ ಉಳಿಸುವುದು. ಉದ್ಯಮದ ಹಣಕ್ಕೆ ಬೇರೆ ಬ್ಯಾಂಕ್ ಖಾತೆ ತೆರೆಯಿರಿ. ಸಂಬಳದ ಖಾತೆಗೇ ಯುಪಿಐ ಬರತೊಡಗಿದರೆ ಲಾಭವೋ ನಷ್ಟವೋ ತಿಳಿಯುವುದೇ ಇಲ್ಲ.

ಯಾರಾದರೂ ತುರಿಕೆ ಎಂದು ದೂರಿದರೆ ಬಳಕೆ ನಿಲ್ಲಿಸಲು ಹೇಳಿ, ಹಣ ಮರಳಿಸಿ, ಬ್ಯಾಚಿನ ಸಂಖ್ಯೆ ಬರೆದುಕೊಂಡು ಅದೇ ಬ್ಯಾಚಿನ ಉಳಿದ ಬಿಲ್ಲೆಗಳನ್ನು ಮಾರದೆ ಪಕ್ಕಕ್ಕಿಡಿ. ಎರಡನೆಯ ದೂರು ಬಂದರೆ ಆ ಬ್ಯಾಚು ಕೊಂಡ ಎಲ್ಲರಿಗೂ ಫೋನ್ ಮಾಡಿ ತಿಳಿಸಬೇಕು. ಇದಕ್ಕಾಗಿಯೇ ನಾನು ಪ್ರತಿ ಬ್ಯಾಚಿನಿಂದ ಎರಡು ಬಿಲ್ಲೆಗಳನ್ನು ದಿನಾಂಕ ಬರೆದ ಕಾಗದದಲ್ಲಿ ಸುತ್ತಿ, ಅವ್ವನ ಹಳೆಯ ಟ್ರಂಕಿನಲ್ಲಿ ಒಂದು ವರ್ಷ ಇಟ್ಟಿರುತ್ತೇನೆ, ತಿಂಗಳಿಗೊಮ್ಮೆ ತೆಗೆದು ಅಂಚುಗಳನ್ನು ನೋಡುತ್ತೇನೆ, ಮೂಗಿಗೆ ಹಿಡಿಯುತ್ತೇನೆ.